ಟಮಿಯಾ ಲಂಚ್ ಬಾಕ್ಸ್ ಕಿಟ್: ಕಟ್ಟುವುದು ಹೇಗೆ, ಆಮೇಲೆ ಏನನ್ನು ಮೊದಲು ಬದಲಿಸಬೇಕು

ರೇಡಿಯೊ ಕಂಟ್ರೋಲ್ ಮಾನ್‌ಸ್ಟರ್ ಟ್ರಕ್, ಅಂದರೆ ರಿಮೋಟಿನಿಂದ ಓಡಿಸುವ ದಪ್ಪ ಚಕ್ರದ ಆಟದ ಗಾಡಿಯ ಬಗ್ಗೆ ಓದುಗರು ಕೇಳುವುದು ಹೆಚ್ಚುಕಡಿಮೆ ಮೂರೇ ಪ್ರಶ್ನೆ. ಮೊದಲ ಸಲ ಕಟ್ಟುವವರಿಗೆ ಯಾವ ಕಿಟ್, ಅಂದರೆ ನಾವೇ ಜೋಡಿಸುವ ಬಿಡಿಭಾಗಗಳ ಡಬ್ಬ, ಒಳ್ಳೆಯದು? ಡಬ್ಬದ ಜೊತೆ ಇನ್ನೂ ಏನೇನು ಕೊಳ್ಳಬೇಕು? ಕಟ್ಟಿದ ಮೇಲೆ ಯಾವ ಮೋಟರ್ ಹಾಕಿದರೆ ಜೋರಾಗಿ ಓಡುತ್ತದೆ? ಮೊದಲ ಎರಡಕ್ಕೆ ಉತ್ತರ ಸುಲಭ. ಮೂರನೆಯದಕ್ಕೆ ಮಾತ್ರ ನನ್ನ ಉತ್ತರ ಯಾರಿಗೂ ಇಷ್ಟವಾಗುವುದಿಲ್ಲ: ಮೋಟರ್ ಕೊನೆಗೆ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಉದಾಹರಣೆಗೆ ಒಂದೇ ಕಿಟ್ ಹಿಡಿದುಕೊಳ್ಳೋಣ. ಜಪಾನಿನ ಶಿಜುವೊಕಾದ ಟಮಿಯಾ ಕಂಪನಿಯ ಲಂಚ್ ಬಾಕ್ಸ್. ದಪ್ಪ ಟೈರುಗಳ ಮೇಲೆ ಕೂತ ಹಳದಿ ವ್ಯಾನ್. 1987ರಲ್ಲಿ ಮೊದಲು ಬಂತು, 2005ರಲ್ಲಿ ಮತ್ತೆ ಮಾರುಕಟ್ಟೆಗೆ ಇಳಿಯಿತು. ಅಳತೆ 1/12, ಅಂದರೆ ನಿಜವಾದ ಗಾಡಿಯ ಹನ್ನೆರಡನೇ ಒಂದು ಪಾಲು. ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಮೋಟರ್ ಶಕ್ತಿ ಹೋಗುತ್ತದೆ. ಇದೇ ಚಾಸಿ, ಅಂದರೆ ಅಡಿಕಟ್ಟು, ಮಿಡ್‌ನೈಟ್ ಪಂಪ್ಕಿನ್ ಎಂಬ ಕಪ್ಪು ಪಿಕಪ್‌ನಲ್ಲೂ ಇದೆ. ಇಲ್ಲಿ ಹೇಳುವುದೆಲ್ಲ ಅದಕ್ಕೂ ಹೊಂದುತ್ತದೆ.

ಇದನ್ನೇ ಯಾಕೆ ಆರಿಸಿದೆ ಅಂದರೆ, ಭಾಗಗಳು ಕಡಿಮೆ, ರಚನೆ ಸರಳ. ಶನಿವಾರ ಬೆಳಗ್ಗೆ ಶುರು ಮಾಡಿದರೆ ಭಾನುವಾರ ಓಡಿಸಬಹುದು. ಜೊತೆಗೆ, ಸುಧಾರಿಸಲು ಇದರಲ್ಲಿ ಬೇಕಾದಷ್ಟು ಕುಂದುಗಳಿವೆ! ತಿರುವಿನಲ್ಲಿ ಮಗುಚುತ್ತದೆ, ಕುಪ್ಪಳಿಸುತ್ತದೆ, ಆಕ್ಸಿಲರೇಟರ್ ಒತ್ತಿದರೆ ಮುಂದಿನ ಚಕ್ರ ಎತ್ತುತ್ತದೆ. ಕಲಿಯುವವರಿಗೆ ಇಷ್ಟು ಒಳ್ಳೆಯ ಗಾಡಿ ಬೇರೆ ಇಲ್ಲ.

ಕೊಳ್ಳುವಾಗ ಒಂದು ಎಚ್ಚರ. ಲಂಚ್ ಬಾಕ್ಸ್ ಮಿನಿ ಎಂಬ ಇನ್ನೊಂದು ಕಿಟ್ ಇದೆ. ಅದು 1/24 ಅಳತೆಯದು, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತದೆ, ಮೋಟರ್ ಕೂಡ ಚಿಕ್ಕದು. ನೋಡಲು ಒಂದೇ ಥರ, ಆದರೆ ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂರುವುದಿಲ್ಲ.

ಡಬ್ಬದಲ್ಲಿ ಇಲ್ಲದ್ದು

ಡಬ್ಬದ ಮೇಲೆ ಓಡುವ ಗಾಡಿಯ ಚಿತ್ರ ಇರುತ್ತದೆ. ಒಳಗಿನದಷ್ಟರಿಂದಲೇ ಅದು ಓಡುವುದಿಲ್ಲ. ಬೇರೆಯಾಗಿ ಬೇಕಾದದ್ದು ಇಷ್ಟು.

ಟ್ರಾನ್ಸ್‌ಮಿಟರ್ ಮತ್ತು ರಿಸೀವರ್: ಕೈಯಲ್ಲಿ ಹಿಡಿಯುವುದು ಟ್ರಾನ್ಸ್‌ಮಿಟರ್, ಗಾಡಿಯೊಳಗೆ ಕೂರುವುದು ರಿಸೀವರ್. ಎರಡು ಚಾನೆಲ್‌ನದು ಸಾಕು. ಒಂದು ತಿರುಗಿಸಲು, ಇನ್ನೊಂದು ವೇಗಕ್ಕೆ. ಈಗ ಬರುವವೆಲ್ಲ ಹೆಚ್ಚಾಗಿ 2.4 ಗಿಗಾಹರ್ಟ್ಸ್‌ನವು. ವಿದೇಶಿ ಜಾಲತಾಣದಿಂದ ಇದನ್ನು ತರಿಸುವ ಮೊದಲು ಯೋಚಿಸಿ. ರೇಡಿಯೊ ಸಾಮಾನು ದೇಶದೊಳಗೆ ಬರುವಾಗ ಕಸ್ಟಮ್ಸ್‌ನವರು ಇಟಿಎ ಎಂಬ ಅನುಮತಿ ಪತ್ರ ಕೇಳಬಹುದು. ಅದನ್ನು ಕೊಡುವುದು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ. ಒಂದು ಆಟದ ಗಾಡಿಗೆ ಅಷ್ಟು ಓಡಾಟ ಯಾಕೆ? ಇಲ್ಲೇ ಮಾರುವ ಸೆಟ್ ತಗೊಳ್ಳಿ.

ಸರ್ವೊ: ಮುಂದಿನ ಚಕ್ರ ತಿರುಗಿಸುವ ಪುಟ್ಟ ಮೋಟರ್ ಡಬ್ಬಿ. ಸ್ಟ್ಯಾಂಡರ್ಡ್ ಅಳತೆಯದು ಬೇಕು.

ಇಎಸ್‌ಸಿ: ಬ್ಯಾಟರಿಯಿಂದ ಮೋಟರಿಗೆ ಎಷ್ಟು ಕರೆಂಟ್ ಹೋಗಬೇಕು ಎಂದು ನಿಯಂತ್ರಿಸುವ ಸಾಧನ. ಕೆಲವು ದೇಶಗಳಿಗೆ ಹೋಗುವ ಡಬ್ಬಗಳಲ್ಲಿ ಇದು ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ದುಡ್ಡು ಕೊಡುವ ಮೊದಲೇ ಕೇಳಿ.

ಬ್ಯಾಟರಿ ಮತ್ತು ಚಾರ್ಜರ್: ಮೊದಲ ಗಾಡಿಗೆ 7.2 ವೋಲ್ಟಿನ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಸಾಕು. ಅದರ ಬದಲು ಎರಡು ಸೆಲ್ಲಿನ ಲೈಪೋ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ ಹಾಕುವುದಾದರೆ ಎರಡು ವಿಷಯ ನೋಡಿ. ನಿಮ್ಮ ಇಎಸ್‌ಸಿಯಲ್ಲಿ ಲೈಪೋ ಕಟ್‌ಆಫ್ ಇದೆಯೇ? ಇಲ್ಲದಿದ್ದರೆ ಬ್ಯಾಟರಿ ಮಿತಿಮೀರಿ ಖಾಲಿಯಾಗಿ ಹಾಳಾಗುತ್ತದೆ. ಎರಡನೆಯದು ಆಕಾರ. ಹಳೆಯ ಕಾಲದ ಚಾಸಿಗಳಲ್ಲಿ ಬ್ಯಾಟರಿ ಗೂಡು ದುಂಡು ಅಂಚಿನ ಪ್ಯಾಕಿಗೆಂದು ಮಾಡಿದ್ದು. ಚೌಕ ಅಂಚಿನ ಗಟ್ಟಿ ಡಬ್ಬಿಯ ಲೈಪೋ ಅದರಲ್ಲಿ ಕೂರುವುದಿಲ್ಲ. ದುಂಡು ಅಂಚಿನದೇ ಕೇಳಿ ತಗೊಳ್ಳಿ.

ಅಮೆರಿಕದಿಂದಲೋ ದುಬೈಯಿಂದಲೋ ಬರುವ ಅಣ್ಣನ ಕೈಲಿ ಕಿಟ್ ತರಿಸುವವರು ತುಂಬ ಜನ. ಕಿಟ್ ಅನ್ನು ದೊಡ್ಡ ಸೂಟ್‌ಕೇಸಿನಲ್ಲಿ ಹಾಕಬಹುದು. ಬಿಡಿ ಲಿಥಿಯಂ ಬ್ಯಾಟರಿಯನ್ನು ಮಾತ್ರ ಕೈಚೀಲದಲ್ಲೇ ತರಬೇಕು, ತುದಿಗೆ ಟೇಪ್ ಸುತ್ತಿ. 7.4 ವೋಲ್ಟ್, 5000 ಎಂಎಎಚ್ ಬ್ಯಾಟರಿ ಅಂದರೆ 37 ವ್ಯಾಟ್ ಅವರ್. ವಿಮಾನದವರ ಸಾಮಾನ್ಯ ಮಿತಿ 100. ಆದ್ದರಿಂದ ತೊಂದರೆಯಿಲ್ಲ.

ಬಾಲ್ ಬೇರಿಂಗ್: ಕಿಟ್ ಜೊತೆ ಬರುವುದು ಹೆಚ್ಚಾಗಿ ಬುಶ್. ಅದರೊಳಗೆ ಗುಂಡುಗಳಿಲ್ಲ, ಬರೀ ಬಳೆ. ಬೇರಿಂಗ್ ಹಾಕುವ ಮನಸ್ಸಿದ್ದರೆ ಕಟ್ಟುವ ಮೊದಲೇ ತಂದಿಟ್ಟುಕೊಳ್ಳಿ. ಆಮೇಲೆ ಹಾಕಬೇಕೆಂದರೆ ಗೇರ್‌ಬಾಕ್ಸ್ ಪೂರ್ತಿ ಬಿಚ್ಚಬೇಕು. ಟಮಿಯಾ ಗಾಡಿಗಳಲ್ಲಿ ಹೆಚ್ಚು ಬಳಕೆಯಾಗುವ ಅಳತೆಗೆ ಹವ್ಯಾಸಿಗಳು 1150 ಅನ್ನುತ್ತಾರೆ. ಹೊರಗೆ 11 ಮಿ.ಮೀ., ಒಳಗೆ 5, ದಪ್ಪ 4. ಇದಕ್ಕೆ ಹವ್ಯಾಸದ ಅಂಗಡಿಯೇ ಆಗಬೇಕೆಂದಿಲ್ಲ. ಬೇರಿಂಗ್ ಅಂಗಡಿಯಲ್ಲಿ ಎಂಆರ್115 ಎಂದು ಕೇಳಿ. ಎಷ್ಟು ಬೇಕು, ಎಲ್ಲೆಲ್ಲಿ ಬೇಕು ಎಂದು ಕೈಪಿಡಿಯಲ್ಲಿ ಎಣಿಸಿಕೊಂಡು ಹೋಗಿ.

ಉಪಕರಣಗಳಲ್ಲಿ ಒಂದಕ್ಕೆ ಮಾತ್ರ ಜಾಸ್ತಿ ಒತ್ತು ಕೊಡುತ್ತೇನೆ: ಜೆಐಎಸ್ ಸ್ಕ್ರೂ ಡ್ರೈವರ್. ಟಮಿಯಾ ಸ್ಕ್ರೂಗಳ ತಲೆ ನೋಡಲು ನಮ್ಮ ಪ್ಲಸ್ ಸ್ಕ್ರೂ ಥರವೇ ಇರುತ್ತದೆ. ಆದರೆ ಅದರ ಕೊರೆತ ಜಪಾನಿನ ಮಾಪನದ್ದು. ಮನೆಯ ಮಾಮೂಲಿ ಫಿಲಿಪ್ಸ್ ಡ್ರೈವರ್ ಪೂರ್ತಿ ಒಳಗೆ ಕೂರದೆ ಜಾರುತ್ತದೆ. ನಾಲ್ಕು ಸಲ ಜಾರಿದರೆ ತಲೆ ಸವೆದು ಸ್ಕ್ರೂ ಅಲ್ಲೇ ಉಳಿದುಬಿಡುತ್ತದೆ. ಎರಡನೇ ನಂಬರಿನ ಜೆಐಎಸ್ ಡ್ರೈವರ್ ಒಂದಿದ್ದರೆ ಮುಕ್ಕಾಲು ಪಾಲು ಕೆಲಸ ಆಗುತ್ತದೆ. ಉಳಿದದ್ದು ಮಾಮೂಲಿ: ಚಿಕ್ಕ ಕಟರ್, ಚೂಪು ಮೂತಿಯ ಇಕ್ಕಳ, ಬ್ಲೇಡ್ ಚಾಕು, ಸ್ಕ್ರೂ ಹಾಕಿಡಲು ಒಂದು ಬಿಳಿ ತಟ್ಟೆ. ಬಿಳಿಯದೇ ಯಾಕೆ ಅಂದರೆ ಕಪ್ಪು ಸ್ಕ್ರೂ ಕಣ್ಣಿಗೆ ಬೀಳುತ್ತದೆ.

ಹಂತ 1: ಡಬ್ಬ ತೆರೆದ ಮೇಲೆ

ಎಲ್ಲ ಪ್ಯಾಕೆಟ್ ಒಟ್ಟಿಗೆ ಹರಿಯಬೇಡಿ. ಸ್ಕ್ರೂಗಳ ಚೀಲಗಳಿಗೆ ಅಕ್ಷರದ ಗುರುತು ಇರುತ್ತದೆ. ಕೈಪಿಡಿ ಯಾವ ಚೀಲ ತೆರೆ ಅನ್ನುತ್ತದೋ ಅದನ್ನಷ್ಟೇ ತೆರೆಯಿರಿ. ಕೈಪಿಡಿಯಲ್ಲಿ ಸ್ಕ್ರೂಗಳ ಚಿತ್ರ ನಿಜ ಅಳತೆಯಲ್ಲೇ ಇರುತ್ತದೆ. ಅನುಮಾನ ಬಂದರೆ ಸ್ಕ್ರೂವನ್ನು ಚಿತ್ರದ ಮೇಲಿಟ್ಟು ನೋಡಿ. ಮೊಬೈಲ್ ಪರದೆಯಲ್ಲಿ ಕೈಪಿಡಿ ನೋಡುವವರಿಗೆ ಈ ಅನುಕೂಲ ಇಲ್ಲ, ಕಾಗದದ್ದನ್ನೇ ಬಳಸಿ.

ಪ್ಲಾಸ್ಟಿಕ್ ಭಾಗಗಳು ಒಂದು ಚೌಕಟ್ಟಿಗೆ ಅಂಟಿಕೊಂಡು ಬರುತ್ತವೆ. ಇದಕ್ಕೆ ಸ್ಪ್ರೂ ಅನ್ನುತ್ತಾರೆ. ಕೈಯಿಂದ ತಿರುಚಿ ಮುರಿಯಬೇಡಿ. ಮೊದಲು ಸ್ವಲ್ಪ ದೂರದಲ್ಲಿ ಕತ್ತರಿಸಿ, ಆಮೇಲೆ ಉಳಿದ ಚೂರನ್ನು ಮಟ್ಟಸವಾಗಿ ತೆಗೆಯಿರಿ. ಅದರಲ್ಲೂ ಗೇರ್ ಮತ್ತು ಬೇರಿಂಗ್ ಕೂರುವ ಜಾಗದಲ್ಲಿ ಚೂರೂ ಉಬ್ಬು ಉಳಿಯಬಾರದು.

ಪ್ಲಾಸ್ಟಿಕ್ಕಿಗೆ ಹೋಗುವ ಸ್ಕ್ರೂಗಳು ತಾವೇ ಮರೆ, ಅಂದರೆ ತಿರುಪಿನ ಗೆರೆ, ಕೊರೆದುಕೊಂಡು ಹೋಗುತ್ತವೆ. ಬಿಗಿಯೆನಿಸಿದರೆ ಸ್ಕ್ರೂ ತುದಿಯನ್ನು ಒಣ ಸೋಪಿನ ಮೇಲೆ ಉಜ್ಜಿ, ಬೆಣ್ಣೆಯಂತೆ ಇಳಿಯುತ್ತದೆ. ಎರಡನೇ ಸಲ ಅದೇ ತೂತಿಗೆ ಹಾಕುವಾಗ ಮೊದಲು ಹಿಮ್ಮುಖವಾಗಿ ಅರ್ಧ ಸುತ್ತು ತಿರುಗಿಸಿ. ಟಕ್ ಎಂದು ಹಳೆಯ ಮರೆಗೆ ಬಿದ್ದದ್ದು ಗೊತ್ತಾಗುತ್ತದೆ. ಆಮೇಲೆ ಬಿಗಿ ಮಾಡಿ. ಇಲ್ಲದಿದ್ದರೆ ಪ್ರತಿ ಸಲವೂ ಹೊಸ ಮರೆ ಕೊರೆದು ತೂತು ಸಡಿಲವಾಗುತ್ತದೆ. ಬ್ಯಾಟರಿ ಚಾಲಿತ ಡ್ರಿಲ್ಲಿನಿಂದ ಸ್ಕ್ರೂ ಹಾಕುವ ಆಸೆ ಬಿಡಿ.

ಹಂತ 2: ಗೇರ್‌ಬಾಕ್ಸ್

ಇಲ್ಲಿ ಅವಸರ ಬೇಡ. ಗಾಡಿಯ ಹಿಂಭಾಗದಲ್ಲಿ ಗೇರ್‌ಬಾಕ್ಸ್, ಮೋಟರ್, ಹಿಂದಿನ ಆಕ್ಸಲ್ ಮೂರೂ ಒಂದೇ ಗಟ್ಟಿ ತುಂಡಾಗಿ ಇರುತ್ತವೆ. ಒಂದು ಗೇರ್ ಓರೆ ಕೂತರೂ ಗಾಡಿ ಕಿರ್ರೆನ್ನುತ್ತದೆ.

ಗೇರ್ ಹಲ್ಲುಗಳಿಗೆ ಗ್ರೀಸ್ ತೆಳ್ಳಗೆ ಸವರಿ. ಬಾಕ್ಸ್ ತುಂಬ ತುಂಬಿದರೆ ಮೋಟರಿಗೆ ಭಾರ, ಅಷ್ಟೇ. ಆಟೊ ಗ್ಯಾರೇಜಿನ ಗ್ರೀಸ್ ಬೇಡ. ಪ್ಲಾಸ್ಟಿಕ್ಕಿಗೆ ಹೊಂದುವ ಗ್ರೀಸ್ ಡಬ್ಬದಲ್ಲೇ ಬರುತ್ತದೆ, ಅದನ್ನೇ ಹಾಕಿ.

ಒಳಗೆ ಡಿಫರೆನ್ಷಿಯಲ್ ಇರುತ್ತದೆ. ತಿರುವಿನಲ್ಲಿ ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಅವಕಾಶ ಕೊಡುವ ಗೇರ್ ಗುಂಪು ಅದು. ಇದರ ತೊಂದರೆ ಏನೆಂದರೆ, ಒಂದು ಚಕ್ರ ಗಾಳಿಯಲ್ಲಿದ್ದರೆ ಶಕ್ತಿಯೆಲ್ಲ ಅದಕ್ಕೇ ಹೋಗಿ ಅದು ಸುಮ್ನೆ ಸುತ್ತುತ್ತದೆ, ಗಾಡಿ ನಿಂತಲ್ಲೇ ಇರುತ್ತದೆ. ಅದಕ್ಕಾಗಿ ಈ ಪುಟ್ಟ ಗೇರುಗಳ ನಡುವೆ ತುಂಬ ಗಟ್ಟಿಯಾದ ಸಿಲಿಕೋನ್ ಪುಟ್ಟಿಯನ್ನೋ ಆಂಟಿ ವೇರ್ ಗ್ರೀಸನ್ನೋ ತುಂಬುತ್ತಾರೆ. ಈಗಲೇ ಮಾಡುವುದು ಒಳ್ಳೆಯದು. ಆದರೆ ಅಂಟು ಹಾಕಿ ಪೂರ್ತಿ ಲಾಕ್ ಮಾಡಬೇಡಿ. ಹಾಗೆ ಮಾಡಿದರೆ ಗಾಡಿ ತಿರುಗುವುದನ್ನೇ ಮರೆಯುತ್ತದೆ, ಆಕ್ಸಲ್ ಮೇಲೂ ಒತ್ತಡ ಬೀಳುತ್ತದೆ.

ಇ-ಕ್ಲಿಪ್ ಹಾಕುವ ಜಾಗಗಳಿವೆ. ಇ ಅಕ್ಷರದ ಆಕಾರದ ಪುಟ್ಟ ಉಕ್ಕಿನ ಚೂರು. ಇಕ್ಕಳದಿಂದ ತಪ್ಪಿದರೆ ಸೋಫಾ ಕೆಳಗೆ ಹಾರಿಹೋಗುತ್ತದೆ, ಮತ್ತೆ ಸಿಗುವುದಿಲ್ಲ. ಕೈ ಮತ್ತು ಭಾಗ ಎರಡನ್ನೂ ಒಂದು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟುಕೊಂಡು ಹಾಕಿ. ಹಾರಿದರೂ ಚೀಲದಲ್ಲೇ ಬೀಳುತ್ತದೆ.

ಮೋಟರ್ ದಂಡಕ್ಕೆ ಕೂರುವ ಚಿಕ್ಕ ಗೇರಿಗೆ ಪಿನಿಯನ್ ಅನ್ನುತ್ತಾರೆ. ಅದನ್ನು ಹಿಡಿಯುವುದು ಒಂದು ಪುಟ್ಟ ತಲೆಯಿಲ್ಲದ ಸ್ಕ್ರೂ. ದಂಡದ ಒಂದು ಬದಿ ಚಪ್ಪಟೆಯಾಗಿರುತ್ತದೆ ನೋಡಿ, ಸ್ಕ್ರೂ ಸರಿಯಾಗಿ ಅದರ ಮೇಲೇ ಕೂರಬೇಕು. ಇಲ್ಲಿ ಒಂದು ಹನಿ ನೀಲಿ ಥ್ರೆಡ್‌ಲಾಕ್ ಹಾಕಿ. ಅಲುಗಾಟಕ್ಕೆ ಸ್ಕ್ರೂ ಬಿಚ್ಚಿಕೊಳ್ಳದಂತೆ ತಡೆಯುವ ದ್ರವ ಅದು. ಲೋಹಕ್ಕೆ ಲೋಹ ಸೇರುವಲ್ಲಿ ಮಾತ್ರ! ಪ್ಲಾಸ್ಟಿಕ್ಕಿಗೆ ತಾಗಿದರೆ ಬಿರುಕು ಬಿಡುತ್ತದೆ.

ಎಲ್ಲ ಮುಚ್ಚಿದ ಮೇಲೆ, ಮೋಟರ್ ಹಾಕುವ ಮೊದಲು, ಆಕ್ಸಲನ್ನು ಕೈಯಿಂದ ತಿರುಗಿಸಿ. ನುಣುಪಾಗಿ ತಿರುಗಬೇಕು. ಒಂದೇ ಜಾಗದಲ್ಲಿ ಪ್ರತಿ ಸಲ ತಡೆದರೆ ಯಾವುದೋ ಹಲ್ಲಿನ ನಡುವೆ ಸ್ಪ್ರೂ ಚೂರು ಸಿಕ್ಕಿದೆ ಅಂತ ಅರ್ಥ. ಬಿಚ್ಚಿ ನೋಡಿ. ಓಡಿ ಓಡಿ ಸರಿಹೋಗುತ್ತದೆ ಎಂದು ಬಿಡಬೇಡಿ.

ಹಂತ 3: ಮುಂಭಾಗ ಮತ್ತು ಸ್ಟೀರಿಂಗ್

ಮುಂದಿನ ತೋಳುಗಳು, ಸ್ಪ್ರಿಂಗುಗಳು, ಇವೆಲ್ಲ ಕೈಪಿಡಿ ನೋಡಿ ಜೋಡಿಸಿದರೆ ಸಾಕು. ತೋಳುಗಳು ತಮ್ಮ ಭಾರಕ್ಕೆ ತಾವೇ ಬೀಳುವಷ್ಟು ಸಡಿಲ ಇರಬೇಕು ಅನ್ನುವುದನ್ನು ಮಾತ್ರ ನೆನಪಿಡಿ. ಸ್ಕ್ರೂ ಕೊನೆವರೆಗೆ ಬಿಗಿದು, ಕಾಲು ಸುತ್ತು ಹಿಂದೆ ಬಿಡಿ.

ಹೊಸಬರು ಹೆಚ್ಚು ಎಡವುವುದು ಸರ್ವೊದಲ್ಲಿ. ಸರ್ವೊ ಡಬ್ಬದಿಂದ ತೆಗೆದಾಗ ಅದರ ದಂಡ ಎತ್ತ ತಿರುಗಿರುತ್ತದೋ ಗೊತ್ತಿಲ್ಲ. ಹಾಗೇ ಜೋಡಿಸಿದರೆ ಗಾಡಿ ಎಡಕ್ಕೆ ಪೂರ್ತಿ ತಿರುಗುತ್ತದೆ, ಬಲಕ್ಕೆ ತಿರುಗುವುದೇ ಇಲ್ಲ. ಆದ್ದರಿಂದ ಗಾಡಿಗೆ ಕೂರಿಸುವ ಮೊದಲು ಮೇಜಿನ ಮೇಲೇ ರಿಸೀವರ್, ಇಎಸ್‌ಸಿ, ಸರ್ವೊ, ಬ್ಯಾಟರಿ ಜೋಡಿಸಿ. ಟ್ರಾನ್ಸ್‌ಮಿಟರಿನ ಟ್ರಿಮ್ ಗುಂಡಿಯನ್ನು ನಡುವೆ ಇಡಿ. ಟ್ರಿಮ್ ಅಂದರೆ ಗಾಡಿ ನೇರ ಓಡುವಂತೆ ಸೂಕ್ಷ್ಮವಾಗಿ ಹೊಂದಿಸುವ ಗುಂಡಿ. ಕರೆಂಟ್ ಕೊಟ್ಟಾಗ ಸರ್ವೊ ತಾನೇ ನಡುವಿಗೆ ಬರುತ್ತದೆ. ಆಗ ಸ್ವಿಚ್ ಆರಿಸಿ, ದಂಡ ಅಲುಗದಂತೆ ಸರ್ವೊ ಸೇವರ್ ಹಾಕಿ.

ಸರ್ವೊ ಸೇವರ್ ಅಂದರೆ ಸ್ಪ್ರಿಂಗ್ ಇರುವ ತೋಳು. ಚಕ್ರ ಕಲ್ಲಿಗೆ ಬಡಿದರೆ ಪೆಟ್ಟು ಸರ್ವೊ ಒಳಗಿನ ಗೇರಿಗೆ ಹೋಗದಂತೆ ಇದು ತಡೆಯುತ್ತದೆ. ಸರ್ವೊ ದಂಡದ ಹಲ್ಲುಗಳ ಲೆಕ್ಕ ಕಂಪನಿಯಿಂದ ಕಂಪನಿಗೆ ಬೇರೆ. ಫುಟಾಬಾದ್ದು 25, ಹೈಟೆಕ್‌ದು 24, ಸಾನ್ವಾ ಮತ್ತು ಕೆಒದ್ದು 23. ಕಿಟ್‌ನಲ್ಲಿ ಬೇರೆ ಬೇರೆ ತುಂಡುಗಳು ಇರುತ್ತವೆ, ನಿಮ್ಮದಕ್ಕೆ ಹೊಂದುವುದನ್ನು ಹುಡುಕಿ. ಒತ್ತಿ ಕೂರಿಸಿದರೆ ಕೂತಂತೆ ಕಾಣುತ್ತದೆ, ಮೊದಲ ತಿರುವಿನಲ್ಲೇ ಹಲ್ಲು ಸವೆದು ಜಾರುತ್ತದೆ.

ಹಂತ 4: ವೈರಿಂಗ್ ಮತ್ತು ಮೊದಲ ಪರೀಕ್ಷೆ

ಬ್ಯಾಟರಿಯ ಕೆಂಪು ಕಪ್ಪು ತಿರುವುಮುರುವಾದರೆ ಇಎಸ್‌ಸಿ ಆ ಕ್ಷಣವೇ ಸುಟ್ಟುಹೋಗುತ್ತದೆ. ರಿಪೇರಿ ಅಂತ ಒಂದಿಲ್ಲ. ಮೋಟರ್ ವೈರ್ ಅದಲು ಬದಲಾದರೆ ಮಾತ್ರ ಚಿಂತೆಯಿಲ್ಲ. ಮಾಮೂಲಿ ಬ್ರಶ್ (ಒಳಗೆ ಕರೆಂಟ್ ದಾಟಿಸುವ ತುಂಡು) ಇರುವ ಮೋಟರಿನಲ್ಲಿ ಗಾಡಿ ಹಿಂದಕ್ಕೆ ಓಡುತ್ತದೆ, ಅಷ್ಟೇ. ಎರಡು ವೈರ್ ಬದಲಿಸಿದರೆ ಸರಿ.

ರಿಸೀವರನ್ನು ಒಂದು ಬಲೂನಿನೊಳಗೆ ಹಾಕಿ, ಬಾಯಿಯನ್ನು ವೈರುಗಳ ಸುತ್ತ ಜಿಪ್ ಟೈನಿಂದ ಕಟ್ಟಿ. ಹಳೆಯ ಉಪಾಯ, ಈಗಲೂ ಇದಕ್ಕಿಂತ ಅಗ್ಗದ ನೀರುತಡೆ ಇಲ್ಲ. ಇಎಸ್‌ಸಿಯನ್ನು ಹಾಗೆ ಮುಚ್ಚಬೇಡಿ. ಅದು ಬಿಸಿಯಾಗುತ್ತದೆ, ಗಾಳಿ ಬೇಕು.

ಈಗ ಗಾಡಿಯನ್ನು ಒಂದು ರಟ್ಟಿನ ಪೆಟ್ಟಿಗೆಯ ಮೇಲಿಡಿ. ನಾಲ್ಕೂ ಚಕ್ರ ಗಾಳಿಯಲ್ಲಿರಬೇಕು. ಮೊದಲು ಟ್ರಾನ್ಸ್‌ಮಿಟರ್ ಹಾಕಿ, ಆಮೇಲೆ ಗಾಡಿ. ಆರಿಸುವಾಗ ಇದರ ಉಲ್ಟಾ: ಮೊದಲು ಗಾಡಿ, ಆಮೇಲೆ ಟ್ರಾನ್ಸ್‌ಮಿಟರ್. ಇದು ಕೈಗೆ ರೂಢಿಯಾಗಿಬಿಡಬೇಕು.

ಸ್ಟೀರಿಂಗ್ ಕೊನೆವರೆಗೆ ತಿರುಗಿಸಿದಾಗ ಸರ್ವೊ ಗುಯ್ ಎಂದು ಸದ್ದು ಮಾಡುತ್ತಿದ್ದರೆ ಅದು ತಡೆಗೆ ಬಡಿದು ಒದ್ದಾಡುತ್ತಿದೆ. ಟ್ರಾನ್ಸ್‌ಮಿಟರಿನಲ್ಲಿ ತಿರುವಿನ ಮಿತಿ ತಗ್ಗಿಸಿ. ಕೊನೆಗೆ ಒಂದು ಪರೀಕ್ಷೆ, ಇದನ್ನು ಯಾರೂ ಮಾಡುವುದಿಲ್ಲ, ದಯವಿಟ್ಟು ಮಾಡಿ. ಚಕ್ರ ನಿಧಾನವಾಗಿ ತಿರುಗುತ್ತಿರುವಾಗ ಟ್ರಾನ್ಸ್‌ಮಿಟರ್ ಆರಿಸಿಬಿಡಿ. ಮೋಟರ್ ನಿಲ್ಲಬೇಕು. ನಿಲ್ಲದಿದ್ದರೆ ಫೇಲ್‌ಸೇಫ್ ಹೊಂದಿಸಿಲ್ಲ. ಸಿಗ್ನಲ್ ತಪ್ಪಿದಾಗ ಗಾಡಿ ಏನು ಮಾಡಬೇಕು ಎಂದು ಮೊದಲೇ ಹೇಳಿಡುವ ವ್ಯವಸ್ಥೆ ಅದು. ಟ್ರಾನ್ಸ್‌ಮಿಟರ್ ಕೈಪಿಡಿ ನೋಡಿ ಅದನ್ನು ಸರಿಮಾಡದೆ ಹೊರಗೆ ಒಯ್ಯಬೇಡಿ.

ಹಂತ 5: ಬಾಡಿ ಮತ್ತು ಬಣ್ಣ

ಲಂಚ್ ಬಾಕ್ಸ್ ಬಾಡಿ ಗಟ್ಟಿ ಪ್ಲಾಸ್ಟಿಕ್ಕಿನದು, ಹಳದಿ ಬಣ್ಣದಲ್ಲೇ ಅಚ್ಚಾಗಿ ಬರುತ್ತದೆ. ಬಣ್ಣ ಹಚ್ಚದೆ ಸ್ಟಿಕರ್ ಅಂಟಿಸಿದರೂ ಚೆನ್ನಾಗಿಯೇ ಕಾಣುತ್ತದೆ. ಹಚ್ಚುವುದಾದರೆ ಟಮಿಯಾದ ಟಿಎಸ್ ಸ್ಪ್ರೇ ಬೇಕು, ಹೊರಗಿನಿಂದ. ಪಿಎಸ್ ಎಂಬ ಸ್ಪ್ರೇ ಇದೆ, ಅದು ಪಾರದರ್ಶಕ ಪಾಲಿಕಾರ್ಬೊನೇಟ್ ಬಾಡಿಗಳಿಗೆ ಒಳಗಿನಿಂದ ಹೊಡೆಯುವುದು. ಅದನ್ನು ಈ ಬಾಡಿಗೆ ಹೊಡೆದರೆ ಪ್ಲಾಸ್ಟಿಕ್ ಹಾಳು. ಡಬ್ಬಿಯ ಮೇಲಿನ ಎರಡಕ್ಷರ ನೋಡಿಕೊಳ್ಳಿ.

ಜುಲೈ ತಿಂಗಳ ಮಲೆನಾಡಿನಲ್ಲೋ ಕರಾವಳಿಯಲ್ಲೋ ಸ್ಪ್ರೇ ಮಾಡಲು ಕೂರಬೇಡಿ. ಗಾಳಿಯಲ್ಲಿ ತೇವ ಜಾಸ್ತಿಯಿದ್ದರೆ ಬಣ್ಣದ ಮೇಲೆ ಬಿಳಿ ಮಂಜು ಕಟ್ಟುತ್ತದೆ. ಒಣ ಬಿಸಿಲಿನ ದಿನ, ನೆರಳಿನಲ್ಲಿ, ತೆಳುವಾಗಿ ಮೂರು ನಾಲ್ಕು ಪದರ. ಸ್ಟಿಕರ್ ಅಂಟಿಸುವಾಗ ಪಾತ್ರೆ ಸೋಪಿನ ಒಂದು ಹನಿ ಬೆರೆಸಿದ ನೀರನ್ನು ಬಾಡಿಗೆ ಸಿಂಪಡಿಸಿ. ಸ್ಟಿಕರ್ ಜಾರಿಸಿ ನೇರ ಮಾಡಬಹುದು, ಆಮೇಲೆ ಬಟ್ಟೆಯಿಂದ ನೀರು ಒತ್ತಿ ತೆಗೆಯಿರಿ.

ಒಳಗಿನಿಂದ ಬಾಡಿಯ ಮೂಲೆಗಳಿಗೂ ಸ್ಕ್ರೂ ಕಂಬಗಳಿಗೂ ಫೈಬರ್ ಜಾಲಿ ಟೇಪ್ ಇಟ್ಟು, ರಬ್ಬರಿನಂತೆ ಬಾಗುವ ಅಂಟು ಹಚ್ಚಿ. ಗೋಡೆ ಬಿರುಕಿಗೆ ಹಾಕುವ ಜಾಲಿ ಟೇಪೇ ಸಾಕು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅಂಟನ್ನು ಮೊದಲು ಸ್ಪ್ರೂ ಚೂರಿನ ಮೇಲೆ ಹಚ್ಚಿ ನೋಡಿ, ಪ್ಲಾಸ್ಟಿಕ್ ಕರಗಿದರೆ ಅದು ಬೇಡ. ಬರೀ ಸೂಪರ್ ಗ್ಲೂ ಗಟ್ಟಿಯಾಗಿ ಒಣಗಿ, ಮಗುಚಿದಾಗ ಮತ್ತೆ ಒಡೆಯುತ್ತದೆ. ಈ ಗಾಡಿ ಮಗುಚುತ್ತದೆ, ಅದರಲ್ಲಿ ಅನುಮಾನ ಬೇಡ.

ಹಂತ 6: ಬದಲಾವಣೆಗಳು, ಈ ಸಾಲಿನಲ್ಲಿ

ಕಿಟ್ ಹೇಗಿದೆಯೋ ಹಾಗೇ ನಾಲ್ಕೈದು ಬ್ಯಾಟರಿ ಖಾಲಿಯಾಗುವಷ್ಟು ಓಡಿಸಿ. ಅದರ ಸ್ವಭಾವ ಗೊತ್ತಾಗಲಿ. ಮಣ್ಣಿನ ನೆಲ, ಹುಲ್ಲು, ಸಿಮೆಂಟ್ ಎಲ್ಲದರ ಮೇಲೂ ಓಡಿಸಿ ನೋಡಿ.

ಮೋಟರ್ ಕೊನೆಗೆ ಅಂದೆನಲ್ಲ, ಕಾರಣ ಇದು. ಈ ಗಾಡಿಯ ಮುಖ್ಯ ತೊಂದರೆ ವೇಗ ಸಾಲದ್ದಲ್ಲ, ಇರುವ ವೇಗವನ್ನೇ ನೆಲಕ್ಕೆ ದಾಟಿಸಲು ಆಗದಿರುವುದು. ಡಬ್ಬದ ಸಸ್ಪೆನ್ಷನ್‌ನಲ್ಲಿ ಇರುವುದು ಬರೀ ಸ್ಪ್ರಿಂಗ್. ಸ್ಪ್ರಿಂಗ್ ಕುಗ್ಗುತ್ತದೆ, ಹಿಗ್ಗುತ್ತದೆ, ಮತ್ತೆ ಕುಗ್ಗುತ್ತದೆ. ಆ ಕುಣಿತವನ್ನು ತಡೆಯುವ ಎಣ್ಣೆಯ ಡ್ಯಾಂಪರ್ ಇಲ್ಲ. ಚಕ್ರ ಅರ್ಧ ಹೊತ್ತು ಗಾಳಿಯಲ್ಲಿರುತ್ತದೆ. ಇಂಥದ್ದಕ್ಕೆ ಬ್ರಶ್‌ಲೆಸ್, ಅಂದರೆ ಬ್ರಶ್ ಇಲ್ಲದ ಜೋರು ಮೋಟರ್ ಹಾಕಿದರೆ ಆಗುವುದು ಒಂದೇ, ಮೊದಲಿಗಿಂತ ಬೇಗ ಮಗುಚುತ್ತದೆ.

ಹಾಗಾಗಿ ಮೊದಲ ಖರ್ಚು ಎಣ್ಣೆ ಡ್ಯಾಂಪರಿಗೆ. ಟಮಿಯಾದ್ದೇ ಸಿವಿಎ ಎಂಬ ಪ್ಲಾಸ್ಟಿಕ್ ಡ್ಯಾಂಪರುಗಳು ಸಾಕು, ಹೊಳೆಯುವ ಅಲ್ಯುಮಿನಿಯಂದೇ ಬೇಕೆಂದಿಲ್ಲ. ಕೊಳ್ಳುವ ಮೊದಲು ಹಳೆಯದರ ಎರಡು ತುದಿಯ ತೂತುಗಳ ನಡುವಿನ ಅಳತೆಯನ್ನು ಪೂರ್ತಿ ಹಿಗ್ಗಿದಾಗ ಒಮ್ಮೆ, ಪೂರ್ತಿ ಕುಗ್ಗಿದಾಗ ಒಮ್ಮೆ ತೆಗೆದಿಟ್ಟುಕೊಳ್ಳಿ. ಹೊಸದು ಇದಕ್ಕೆ ಹತ್ತಿರ ಇರಬೇಕು. ಒಳಗೆ ಸಿಲಿಕೋನ್ ಎಣ್ಣೆಯೇ ಹಾಕಬೇಕು. ಹೊಲಿಗೆ ಯಂತ್ರದ ಎಣ್ಣೆ, ಎಂಜಿನ್ ಆಯಿಲ್ ಹಾಕಿದರೆ ರಬ್ಬರ್ ಉಂಗುರ ಊದಿಕೊಂಡು ಸೋರುತ್ತದೆ. ಎಣ್ಣೆ ತುಂಬಿ, ದಂಡವನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ, ಗುಳ್ಳೆಗಳೆಲ್ಲ ಮೇಲೆ ಬರುವವರೆಗೆ ಬಿಟ್ಟು ಮುಚ್ಚಿ. ಗುಳ್ಳೆ ಉಳಿದರೆ ಡ್ಯಾಂಪರ್ ಪಚಪಚ ಅನ್ನುತ್ತದೆ. ಶುರುವಿಗೆ 400ರ ಆಸುಪಾಸಿನ ಎಣ್ಣೆ ಹಾಕಿ. ಎಣ್ಣೆಗಳ ಸಂಖ್ಯೆ ಹೆಚ್ಚಾದಷ್ಟೂ ಗಟ್ಟಿ.

ಡ್ಯಾಂಪರ್ ಬಿಚ್ಚಿರುವಾಗಲೇ ಇನ್ನೊಂದು ಕೆಲಸ. ಒಳಗಿನ ದಂಡಕ್ಕೆ, ಪಿಸ್ಟನ್ನಿನ ಕೆಳಗೆ, ಮೂರು ನಾಲ್ಕು ಮಿ.ಮೀ. ಉದ್ದದ ಗಟ್ಟಿ ಪ್ಲಾಸ್ಟಿಕ್ ಕೊಳವೆಯ ಚೂರು ತೂರಿಸಿ. ಆಗ ಡ್ಯಾಂಪರ್ ಪೂರ್ತಿ ಹಿಗ್ಗುವುದಿಲ್ಲ, ಗಾಡಿ ಅಷ್ಟು ತಗ್ಗಿ ನಿಲ್ಲುತ್ತದೆ. ತಗ್ಗಿದಷ್ಟೂ ಮಗುಚುವುದು ಕಡಿಮೆ. ನೋಟಕ್ಕೆ ಎತ್ತರವೇ ಚೆಂದ, ನಿಜ. ಓಡಿಸುವುದಕ್ಕೋ ಕಪಾಟಿನಲ್ಲಿಡುವುದಕ್ಕೋ ಅಂತ ನೀವೇ ತೀರ್ಮಾನಿಸಿ.

ಲಂಚ್ ಬಾಕ್ಸ್ ಇಟ್ಟುಕೊಂಡವರ ನಡುವೆ ಐದನೇ ಡ್ಯಾಂಪರ್ ಎಂಬ ಮಾರ್ಪಾಡು ಹೆಸರುವಾಸಿ. ಗೇರ್‌ಬಾಕ್ಸಿನ ತೂಗಾಟ ತಡೆಯಲು ಅದರ ಮತ್ತು ಚಾಸಿಯ ನಡುವೆ ಒಂದು ಹೆಚ್ಚುವರಿ ಡ್ಯಾಂಪರ್ ಹಾಕುತ್ತಾರೆ. ಚಾಸಿಗೆ ತೂತು ಕೊರೆಯಬೇಕಾಗುತ್ತದೆ. ಮೊದಲ ನಾಲ್ಕು ಡ್ಯಾಂಪರ್ ಹಾಕಿ ಓಡಿಸಿದ ಮೇಲೂ ಕುಪ್ಪಳಿಸುವುದು ತಲೆನೋವಾದರೆ ಮಾತ್ರ ಅದಕ್ಕೆ ಕೈಹಾಕಿ.

ಎರಡನೆಯದು ತೂಕ. ಮುಂಭಾಗ ಹಗುರ, ಆದ್ದರಿಂದಲೇ ಚಕ್ರ ಎತ್ತುವುದು. ಚಕ್ರ ಎತ್ತಿದಾಗ ಸ್ಟೀರಿಂಗ್ ಕೆಲಸ ಮಾಡುವುದಿಲ್ಲ. ಕಾರಿನ ಟೈರ್ ಅಂಗಡಿಯಲ್ಲಿ ವೀಲ್ ಬ್ಯಾಲೆನ್ಸಿಂಗಿಗೆ ಅಂಟಿಸುವ 5, 10 ಗ್ರಾಮಿನ ಬಿಲ್ಲೆಗಳು ಸಿಗುತ್ತವೆ. ಮುಂದಿನ ಬಂಪರಿನ ಹಿಂದೆ, ಆದಷ್ಟು ಕೆಳಗೆ, 50 ಗ್ರಾಂನಿಂದ ಶುರು ಮಾಡಿ ಅಂಟಿಸಿ ನೋಡಿ. ಚಕ್ರ ಎತ್ತುವ ಆಟವೇ ಇಷ್ಟ ಅನ್ನುವವರು ಇದನ್ನು ಬಿಡಬಹುದು. ಮಕ್ಕಳಿಗಂತೂ ಅದೇ ಬೇಕು.

ಮೂರನೆಯದು ಟೈರ್. ದೊಡ್ಡ ಟೈರಿನೊಳಗೆ ಗಾಳಿ ಸಿಕ್ಕಿಕೊಂಡು ಚೆಂಡಿನ ಹಾಗೆ ಪುಟಿಯುತ್ತದೆ. ರಿಮ್ಮಿನಲ್ಲಿ 2 ಮಿ.ಮೀ.ನ ಎರಡು ತೂತು ಎದುರುಬದುರು ಕೊರೆದರೆ ಗಾಳಿ ಹೊರಗೆ ಹೋಗುತ್ತದೆ, ಪುಟಿತ ತಗ್ಗುತ್ತದೆ. ನೀರೂ ಒಳಗೆ ಹೋಗುತ್ತದೆ ಅನ್ನುವುದು ಇದರ ಬೆಲೆ. ಮಳೆಗಾಲದಲ್ಲಿ ಓಡಿಸಿದರೆ ಟೈರ್ ಹಿಂಡಿ ಒಣಗಿಸಿ.

ಸ್ಟೀರಿಂಗ್ ತೂಗಾಡುತ್ತಿದ್ದರೆ ಕಿಟ್ಟಿನ ಸರ್ವೊ ಸೇವರ್ ಬದಲು ಹೈ ಟಾರ್ಕ್ ಸರ್ವೊ ಸೇವರ್ ಹಾಕಿ. ಅಗ್ಗದ ಬದಲಾವಣೆ, ವ್ಯತ್ಯಾಸ ಮೊದಲ ತಿರುವಿನಲ್ಲೇ ಕಾಣುತ್ತದೆ.

ಇಷ್ಟಾದ ಮೇಲೆ ಮೋಟರ್. ಕಿಟ್ಟಿನದು 540 ಅಳತೆಯ ಬೆಳ್ಳಿ ಬಣ್ಣದ ಮೋಟರ್. ಅದೇ ಅಳತೆಯ ಟಾರ್ಕ್ ಟ್ಯೂನ್ಡ್ ಅಥವಾ ಸ್ಪೋರ್ಟ್ ಟ್ಯೂನ್ಡ್ ಮೋಟರ್ ಹಾಕಿದರೆ ಈ ಗಾಡಿಗೆ ಸಾಕು. ಹಾಕುವ ಮೊದಲು ನಿಮ್ಮ ಇಎಸ್‌ಸಿ ಎಷ್ಟು ಟರ್ನ್ ಮೋಟರನ್ನು ತಾಳಿಕೊಳ್ಳುತ್ತದೆ ನೋಡಿ. ಟರ್ನ್ ಅಂದರೆ ಮೋಟರ್ ಒಳಗಿನ ತಂತಿಯ ಸುತ್ತು. ಸುತ್ತು ಕಡಿಮೆಯಾದಷ್ಟೂ ವೇಗ ಜಾಸ್ತಿ, ಕರೆಂಟೂ ಜಾಸ್ತಿ. ಪಿನಿಯನ್ ಮಾತ್ರ ಮೊದಲಿನಷ್ಟೇ ಹಲ್ಲಿನದಿರಲಿ. ಈ ಗೇರ್‌ಬಾಕ್ಸಿನಲ್ಲಿ ಮೋಟರ್ ಕೂರುವ ಜಾಗ ಹಿಂದೆ ಮುಂದೆ ಸರಿಸುವಂತಿಲ್ಲ.

ಜಾಸ್ತಿ ಕರೆಂಟ್ ಎಳೆಯುವ ಮೋಟರಿಗೆ ಟಮಿಯಾದ ಬಿಳಿ ಪ್ಲಗ್ ಸಾಲದು, ಬಿಸಿಯಾಗಿ ಕರಗುತ್ತದೆ. ಹೆಚ್ಚು ಕರೆಂಟ್ ತಾಳುವ ಎಕ್ಸ್‌ಟಿ60 ಎಂಬ ಪ್ಲಗ್ ಹಾಕಿಕೊಳ್ಳಿ. ಬೆಂಗಳೂರಿನವರಿಗೆ ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಪ್ಲಗ್, ವೈರ್, ಹೀಟ್ ಶ್ರಿಂಕ್ ಕೊಳವೆ ಎಲ್ಲ ಒಂದೇ ಓಡಾಟದಲ್ಲಿ ಸಿಗುತ್ತವೆ. ಬ್ಯಾಟರಿಯ ಹಳೆಯ ಪ್ಲಗ್ ತೆಗೆಯುವಾಗ ಎರಡೂ ವೈರನ್ನು ಒಟ್ಟಿಗೆ ಕತ್ತರಿಸಲೇಬೇಡಿ. ಕತ್ತರಿಯ ಅಲಗೇ ಎರಡನ್ನೂ ಸೇರಿಸಿ ಶಾರ್ಟ್ ಮಾಡುತ್ತದೆ. ಒಂದನ್ನು ಕತ್ತರಿಸಿ, ಬೆಸುಗೆ ಹಾಕಿ, ಮುಚ್ಚಿದ ಮೇಲೆ ಇನ್ನೊಂದು.

ಮೂರು ಸೆಲ್ಲಿನ ಲೈಪೋ ಹಾಕಬಹುದೇ ಅಂತ ಕೇಳುವವರಿಗೆ: ಬೇಡ.

ಹಂತ 7: ಓಡಿಸಿದ ಮೇಲಿನ ಕೆಲಸ

ಒಂದು ಬ್ಯಾಟರಿ ಮುಗಿದ ಮೇಲೆ ಮೋಟರ್ ಮುಟ್ಟಿ ನೋಡಿ. ಮೂರು ನಾಲ್ಕು ಸೆಕೆಂಡ್ ಬೆರಳು ಇಡಲಾಗದಷ್ಟು ಸುಡುತ್ತಿದ್ದರೆ ಎಲ್ಲೋ ಬಿಗಿತ ಇದೆ, ಅಥವಾ ಎತ್ತರದ ಹುಲ್ಲಿನಲ್ಲಿ ಓಡಿಸಿದ್ದೀರಿ. ತಣಿಯುವವರೆಗೆ ಎರಡನೇ ಬ್ಯಾಟರಿ ಹಾಕಬೇಡಿ.

ನಮ್ಮ ಬಯಲುಸೀಮೆಯ ಕೆಂಪು ಧೂಳು ಸಂದಿಗೊಂದಿಗೆಲ್ಲ ಹೋಗುತ್ತದೆ. ಹಳೆಯ ಪೇಂಟ್ ಬ್ರಶ್‌ನಿಂದ ಒಣಗಿದ್ದಾಗಲೇ ಉದುರಿಸಿ. ಪೈಪಿನ ನೀರು ಬಿಡಬೇಡಿ, ಬೇರಿಂಗಿನ ಗ್ರೀಸ್ ತೊಳೆದುಹೋಗುತ್ತದೆ. ಪೆಟ್ರೋಲ್, ಥಿನ್ನರ್ ಬಾಡಿಗೆ ತಾಗಿಸಲೇಬೇಡಿ. ಮುಂದಿನ ಚಕ್ರಗಳ ನಟ್ಟು ಮತ್ತು ಪಿನಿಯನ್ ಸ್ಕ್ರೂ ಆಗಾಗ ನೋಡುತ್ತಿರಿ, ಮೊದಲು ಸಡಿಲವಾಗುವುದು ಇವೇ.

ಲೈಪೋ ಇದ್ದರೆ ಬ್ಯಾಲೆನ್ಸ್ ಚಾರ್ಜರಿನಲ್ಲೇ ಚಾರ್ಜ್ ಮಾಡಿ. ಎಲ್ಲ ಸೆಲ್ಲುಗಳನ್ನೂ ಸಮವಾಗಿ ತುಂಬುವ ಚಾರ್ಜರ್ ಅದು. 5000 ಎಂಎಎಚ್ ಬ್ಯಾಟರಿಗೆ 5 ಆಂಪಿಯರ್‌ಗಿಂತ ಹೆಚ್ಚು ಬೇಡ. ಸೆಲ್ಲಿಗೆ 4.2 ವೋಲ್ಟ್ ಅಂದರೆ ತುಂಬಿತು, 3 ವೋಲ್ಟಿಗಿಂತ ಕೆಳಗೆ ಇಳಿಯಲು ಬಿಡಬಾರದು. ವಾರಗಟ್ಟಲೆ ಸುಮ್ನೆ ಇಡುವುದಾದರೆ 3.8ರ ಆಸುಪಾಸಿನಲ್ಲಿ ಇಡಿ. ರಾತ್ರಿ ಚಾರ್ಜಿಗೆ ಹಾಕಿ ಮಲಗುವ ಅಭ್ಯಾಸ ಮೊಬೈಲಿಗೆ ಸರಿ, ಇದಕ್ಕೆ ಖಂಡಿತ ಬೇಡ. ಕಣ್ಣೆದುರೇ, ಕಲ್ಲುನೆಲದ ಮೇಲೆ, ಪರದೆ ಹಾಸಿಗೆಗಳಿಂದ ದೂರ ಇಟ್ಟು ಚಾರ್ಜ್ ಮಾಡಿ. ಊದಿಕೊಂಡ ಬ್ಯಾಟರಿಯನ್ನು ಚುಚ್ಚಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ಇ-ತ್ಯಾಜ್ಯ ತೆಗೆದುಕೊಳ್ಳುವ ಕೇಂದ್ರಕ್ಕೆ ಕೊಡಿ.

ಓಡಿಸುವ ಜಾಗಕ್ಕೆ ರಜಾದಿನದ ಶಾಲಾ ಮೈದಾನ ಚೆನ್ನ, ಕೇಳಿಕೊಂಡು ಹೋಗಿ. ರಸ್ತೆ ಬೇಡ. ಸಣ್ಣ ಮಕ್ಕಳು ಗಾಡಿ ಹಿಂದೆ ಓಡುತ್ತಾರೆ, ಓಡಲಿ. ಮಗುಚಿದ ಗಾಡಿಯನ್ನು ಎತ್ತಲು ಅವರು ಕೈಹಾಕುವ ಹೊತ್ತಿಗೆ ಮಾತ್ರ ನಿಮ್ಮ ಬೆರಳು ಆಕ್ಸಿಲರೇಟರ್ ಮೇಲೆ ಇರಬಾರದು.